ಕಾಲೇಜುಗಳ ಕರ್ನಾಟಕ ಸಂಘಗಳು

ಒಂದು ಕಾಲೇಜಿನ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಕಟ್ಟಡದ ಅಸ್ತಿಭಾರದಿಂದ ಮೊದಲುಮಾಡಿ, ಪ್ರಿನ್ಸಿಪಾಲರ ಹೆಸರುಗಳನ್ನು ಕ್ರಮವಾಗಿ ಹೇಳಿ, ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಲೆಕ್ಕವನ್ನು ಕೊಟ್ಟು ಮುಗಿಸುವರು. ಇವೆಲ್ಲವೂ ಬೇಕಾದುವೇ. ಆದರೆ ಕಡೆಯ ಗಂಟೆ ಬಾರಿಸಿ, ಅಧ್ಯಾಪಕರು ಮನೆಗೆ ಹೊರಟು, ಜವಾನನು ಬಾಗಿಲುಗಳನ್ನು ಹಾಕುತ್ತ ಬರುವ ಹೊತ್ತಿಗೆ, ಯಾವುದೋ ಒಂದು ಕೊಠಡಿಯಲ್ಲಿ ಹತ್ತು ಹದಿನೈದು ಮಂದಿ ಹುಡುಗರು ಕೂಡಿ ಕುಳಿತು ಒಂದು ಪ್ರಬಂಧವನ್ನು ಓದುವುದೋ, ಪದ್ಯಕ್ಕೆ ಅರ್ಥ ಹೇಳುವುದೋ, ನಾಟಕದ ಪಾತ್ರಗಳನ್ನು ಹಂಚಿಕೊಳ್ಳುವುದೋ ಮಾಡುತ್ತಿದ್ದರಷ್ಟೆ. ಆ ಸಾಯಂಕಾಲದ ಗಂಟೆಗೆ ಚರಿತ್ರೆಯಲ್ಲಿ ಸ್ಥಳ ದೊರೆಯುವುದು ಅಪರೂಪ. ಕನ್ನಡದ ವಿಷಯದಲ್ಲಿ ಮಾತ್ರ ಈ ಅನಾದರವು ದೊಡ್ಡ ಲೋಪವೇ ಸರಿ. ಏಕೆಂದರೆ ನಮ್ಮ ಭಾಷೆಯು ಉನ್ನತ ವಿದ್ಯೆಯ ಮನೆಯನ್ನು ಹೊಕ್ಕದ್ದು ಹೆಬ್ಬಾಗಿಲಿನಿಂದಲ್ಲ, ಈ ಸಾಯಂಕಾಲದ ಹಿತ್ತಿಲ ಬಾಗಿಲಿನಿಂದ. ಸಂಘವು ಮೊದಲು ಹುಟ್ಟಿತು. ತರಗತಿಯು ಆಮೇಲೆ ಬಂದಿತು. ಈ ಮಾತನ್ನು ಕೊಂಚ ವಿಸ್ತರಿಸಿ ಹೇಳುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯ ವಾಚಕರಿಗೆ ಇದರಲ್ಲಿ ಬೇರೆಯೂ ಒಂದು ಸಂಬಂಧವುಂಟು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂತಹ ಊರಿನಲ್ಲಿ ಹುಟ್ಟಿದ ಹುಡುಗನು ನೂರು ವರ್ಷಗಳ ಹಿಂದೆ ಓದಬೇಕೆಂದು ಹಟಹಿಡಿದರೆ ಅವನ ದಾರಿ ಇಂತಿಷ್ಟೇ ಎಂದು ಗೊತ್ತಾಗಿತ್ತು. ಊರಿನ ಸಾಲೆ ಮುಗಿದ ಮೇಲೆ ಹಿರಿಯೂರು. ಅಲ್ಲಿಂದ ಹೈಸ್ಕೂಲಿಗೆ ದುರ್ಗ. ಅದರಾಚೆಗೆ ಕಾಲೇಜೆಂಬುದು ಜಿಲ್ಲೆಯಲ್ಲಿಯೇ ಇರಲಿಲ್ಲವಾದ ಕಾರಣ ಬೆಂಗಳೂರು ಅಥವಾ ಮೈಸೂರು. ಗಂಟುಮೂಟೆ ಕಟ್ಟಿಕೊಂಡು, ಯಾರದೋ ಮನೆಯ ವಾರಾನ್ನವನ್ನೋ ಜಾತಿಯ ಹಾಸ್ಟೆಲನ್ನೋ ನೆಚ್ಚಿ, ಪರಸ್ಥಳಕ್ಕೆ ಹೋದ ಆ ಹುಡುಗನಿಗೆ ಕಾಲೇಜಿನಲ್ಲಿ ಮೊದಲು ಎದುರಾಗುತ್ತಿದ್ದುದು ಇಂಗ್ಲಿಷ್. ಪಾಠ ಇಂಗ್ಲಿಷಿನಲ್ಲಿ, ಪ್ರಶ್ನೆ ಇಂಗ್ಲಿಷಿನಲ್ಲಿ, ಗೋಡೆಯ ಮೇಲಿನ ಪ್ರಕಟಣೆ ಇಂಗ್ಲಿಷಿನಲ್ಲಿ. ಮನೆಯಲ್ಲಿ ಆಡುತ್ತಿದ್ದ ಮಾತನ್ನು ಇಲ್ಲಿ ಆಡಿದರೆ ಹಳ್ಳಿಗನೆನಿಸಿಕೊಳ್ಳಬೇಕಾದೀತೆಂಬ ಅಂಜಿಕೆ ಬೇರೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೇ ತೆಗೆದುಕೊಳ್ಳೋಣ. 1858ರಲ್ಲಿ ಹೈಸ್ಕೂಲಾಗಿ ಮೊದಲಾದ ಈ ವಿದ್ಯಾಶಾಲೆಗೆ ಗ್ಯಾರೆಟ್ ಪಾದ್ರಿಗಳು ಮೊದಲನೆಯ ಮುಖ್ಯಾಧಿಕಾರಿಗಳು. 1875ರಲ್ಲಿ ಅದಕ್ಕೆ ಸೆಂಟ್ರಲ್ ಕಾಲೇಜೆಂಬ ಹೆಸರಾಯಿತು. ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಆ ಕಾಲೇಜಿನಿಂದ ಶ್ರೀ ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಆದರು, ರಾಜಾಜಿಯವರು ಓದಿದ್ದೂ ಅಲ್ಲಿಯೇ. ದೊಡ್ಡವರನ್ನು ಬೆಳೆಸಿದ ಕಾಲೇಜೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಾಲಕ್ಕೆ ಅದು ಈಗಿನ ಲೆಕ್ಕದಲ್ಲಿ ಚಿಕ್ಕ ಕಾಲೇಜು. ಓದುವವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲಷ್ಟು ಚಿಕ್ಕದು. ಅಲ್ಲಿ ಮಾತ್ರವಲ್ಲ, ಅಂದಿನ ಕಾಲೇಜುಗಳಲ್ಲೆಲ್ಲ ಸಾಹಿತ್ಯ ಕೂಟವೆಂದರೆ ಇಂಗ್ಲಿಷ್ ಸಾಹಿತ್ಯದ ಕೂಟ, ಚರ್ಚೆಯೆಂದರೆ ಇಂಗ್ಲಿಷ್ ಚರ್ಚೆ. ಹುಡುಗರು ಬರ್ಕನ ಭಾಷಣಗಳ ಧಾಟಿಯನ್ನು ಅನುಕರಿಸಿ, ಸಭಾಧ್ಯಕ್ಷರನ್ನು ಪಾರ್ಲಿಮೆಂಟಿನವರಂತೆ ಸಂಬೋಧಿಸಿ, ಗಂಭೀರವಾಗಿ ವಾದಮಾಡುವರು. ಇದನ್ನು ಹೀನೈಸಿ ಹೇಳುತ್ತಿಲ್ಲ. ಸಭೆಯನ್ನು ಕ್ರಮದಲ್ಲಿ ನಡೆಯಿಸುವುದು, ಎದುರು ಪಕ್ಷದವನ ಮಾತನ್ನು ಕೇಳಿ ಉತ್ತರ ಹೇಳುವುದು, ನಡಾವಳಿಯನ್ನು ಬರೆದಿಡುವುದು, ವಂತಿಗೆಯ ಲೆಕ್ಕವನ್ನು ಒಪ್ಪಿಸುವುದು ಈ ಶಿಸ್ತುಗಳನ್ನೆಲ್ಲ ನಮ್ಮವರು ಕಲಿತದ್ದು ಆ ಕೂಟಗಳಲ್ಲಿಯೇ. ಕನ್ನಡ ಸಂಘಗಳು ಹುಟ್ಟಿದಾಗ ಒಡಲು ಅಲ್ಲಿಂದ ಬಂದಿತು. ಉಸಿರು ಮಾತ್ರ ಬೇರೆ.

ಆ ಉಸಿರಿಗೆ ಕಾರಣರಾದವರಲ್ಲಿ ಇಂಗ್ಲಿಷ್ ಅಧ್ಯಾಪಕರೇ ಮುಂದಾಳುಗಳಾದದ್ದು ಒಂದು ವಿನೋದ. ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ, 1890ರಲ್ಲಿ ಸ್ಥಾಪಿತವಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ನಾಲ್ಕು ವರ್ಷಗಳ ಮೇಲೆ, 1915ರ ಮೇ ತಿಂಗಳಿನಲ್ಲಿ, ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಮರು ವರ್ಷ, 1916ರ ಜುಲೈ ತಿಂಗಳಿನಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಪರಿಷತ್ತಿನ ಮೊದಲನೆಯ ಅಧ್ಯಕ್ಷರೂ ವಿಶ್ವವಿದ್ಯಾನಿಲಯದ ಮೊದಲನೆಯ ಉಪಕುಲಪತಿಗಳೂ ಒಬ್ಬರೇ: ಎಚ್.ವಿ. ನಂಜುಂಡಯ್ಯನವರು. ಇಷ್ಟಾದರೂ ಹೊಸ ವಿಶ್ವವಿದ್ಯಾನಿಲಯದ ಪಾಠಪಟ್ಟಿಯಲ್ಲಿ ಕನ್ನಡವು ಒಡನೆಯೇ ಮೇಲಿನ ಮಣೆಯನ್ನು ಏರಲಿಲ್ಲ. ಕಾಲೇಜುಗಳಲ್ಲಿ ಕನ್ನಡ ಹೇಳುತ್ತಿದ್ದವರಿಗೆ ಸಲ್ಲುತ್ತಿದ್ದ ಮರ್ಯಾದೆಯೂ ಇಂಗ್ಲಿಷಿನವರಿಗೆ ಸಲ್ಲುತ್ತಿದ್ದ ಮರ್ಯಾದೆಯೂ ಒಂದೇ ಆಗಿರಲಿಲ್ಲವೆಂಬುದನ್ನು ಹಿರಿಯರ ಬಾಯಿಂದ ಕೇಳಿದವರು ಬಲ್ಲರು.

ಇಂತಹ ಸಂಧಿಕಾಲದಲ್ಲಿ, 1918-19ರ ಸುಮಾರಿನಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘವು ತಲೆದೋರಿತು. ಅದರ ಬೆನ್ನೆಲುಬು ಎ.ಆರ್. ಕೃಷ್ಣಶಾಸ್ತ್ರಿಗಳು. 1890ರಲ್ಲಿ ಹುಟ್ಟಿದ ಶಾಸ್ತ್ರಿಗಳಿಗೆ ಆಗ ಮೂವತ್ತು ವರ್ಷ ತುಂಬಿರಲಿಲ್ಲ. ಸಂಸ್ಕೃತದಲ್ಲಿ ಆಳವಾದ ವ್ಯಾಸಂಗ, ಇಂಗ್ಲಿಷಿನಲ್ಲಿ ಒಳ್ಳೆಯ ಪರಿಚಯ, ಬಂಗಾಳಿಯಲ್ಲಿ ಆಸಕ್ತಿ, ಕನ್ನಡದಲ್ಲಿ ಭಕ್ತಿ. ಮುಂದೆ ಅವರು ಬರೆದ ‘ವಚನಭಾರತ’ವನ್ನು ಓದದ ಕನ್ನಡ ಮನೆಯಿಲ್ಲ, ಬಂಕಿಮಚಂದ್ರರನ್ನು ಕುರಿತ ಅವರ ಗ್ರಂಥಕ್ಕೆ 1961ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ಆದರೆ ಈ ಗ್ರಂಥಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು, ಆ ಸಂಘವನ್ನು ಇನ್ನೊಂದರಲ್ಲಿಟ್ಟು ತೂಗಿದರೆ, ಯಾವ ಕಡೆ ಇಳಿದೀತೆಂದು ಹೇಳುವುದು ಈ ಲೇಖಕನಿಗೆ ಸುಲಭವಲ್ಲ.

ಸಂಘವು ಮಾಡಿದ ಮುಖ್ಯವಾದ ಕೆಲಸ ‘ಪ್ರಬುದ್ಧ ಕರ್ನಾಟಕ’. ಒಂದು ಕಾಲೇಜಿನ ಹುಡುಗರ ಕೂಟವು ತ್ರೈಮಾಸಿಕ ಪತ್ರಿಕೆಯೊಂದನ್ನು ಅಚ್ಚುಹಾಕಿಸಿ ಹೊರಪಡಿಸುವುದೆಂದರೆ ಅಂದಿಗೆ ಸಾಹಸವೇ. ಹುಡುಗರ ಉತ್ಸಾಹವನ್ನು ನಂಬಿ ಅಚ್ಚಿನವನು ಕಾಗದ ಕೊಡುವುದಿಲ್ಲ. ಚಂದಾದಾರರಿಗೆ ಕಾಗದ ಬರೆಯಬೇಕು, ಲೇಖನಗಳನ್ನು ಬೇಡಿ ತರಬೇಕು, ಬಂದುದನ್ನು ತಿದ್ದಬೇಕು, ಕರಡಚ್ಚನ್ನು ಅಕ್ಷರ ಬಿಡದೆ ನೋಡಬೇಕು, ಕಟ್ಟುಕಟ್ಟಿ ಅಂಚೆಗೆ ಹಾಕಬೇಕು. ಸಂಪಾದಕರಾದ ಶಾಸ್ತ್ರಿಗಳು ಶಿಸ್ತಿನ ಮನುಷ್ಯರೆಂದು ಹೆಸರಾದವರು; ತಪ್ಪು ಕಾಗುಣಿತವೂ ಸಡಿಲವಾದ ವಾಕ್ಯವೂ ಅವರ ಕಣ್ಣು ತಪ್ಪಿಸುವುದು ಕಷ್ಟ. ಪತ್ರಿಕೆಯ ಗುಣ ಇದರಿಂದ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ಕೆಲಸಕ್ಕೆ ಕೈಹಾಕಿದ ವಿದ್ಯಾರ್ಥಿಗಳು ಭಾಷೆಯನ್ನು ಕೈಯಲ್ಲಿ ಹಿಡಿದು ನೋಡುವುದನ್ನು ಕಲಿತರು. ಪರೀಕ್ಷೆಗೆ ಓದಿದ ವ್ಯಾಕರಣವು ಪರೀಕ್ಷೆಯ ಮರುದಿನ ಮರೆತುಹೋದೀತು. ಕರಡಚ್ಚಿನಲ್ಲಿ ತಾನೇ ಬಿಟ್ಟ ಒತ್ತಕ್ಷರವು ಅಚ್ಚಾಗಿ ಬಂದು ಊರಿನವರೆಲ್ಲ ನೋಡಿದ ಮೇಲೆ ಜನ್ಮವಿರುವ ತನಕ ಮರೆಯುವುದಿಲ್ಲ.

ಅದೇ ಕಾಲೇಜಿನ ಆವರಣದಿಂದ ಅದೇ ಸುಮಾರಿನಲ್ಲಿ ಹೊರಟ ಇನ್ನೊಂದು ಪತ್ರಿಕೆಯನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯನ್ನು ಕಟ್ಟಿ, 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಶಾಸ್ತ್ರವಿಷಯಗಳಿಗೇ ಮೀಸಲಾದ ಮೊದಲನೆಯ ಮಾಸಪತ್ರಿಕೆ ಅದು. ಪಾರಿಭಾಷಿಕ ಪದಗಳನ್ನು ಒಂದೊಂದಾಗಿ ಟಂಕಿಸಬೇಕಾಗಿದ್ದ ಕಾಲದಲ್ಲಿ ಅವರು ಪಟ್ಟ ಶ್ರಮ ಊಹೆಗೆ ನಿಲುಕುವುದಲ್ಲ. ಆದರೂ ಆ ಪತ್ರಿಕೆ ಎರಡು ವರ್ಷಗಳ ಸುಮಾರಿಗೆ ನಿಂತುಹೋಯಿತು. ‘ಪ್ರಬುದ್ಧ ಕರ್ನಾಟಕ’ ಉಳಿಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ವಹಿಸಿಕೊಂಡು ದಶಕಗಳ ಕಾಲ ನಡೆಯಿಸಿತು. ಒಂದು ನಿಂತು ಒಂದು ನಡೆದುದಕ್ಕೆ ವಿಷಯದ ಕಾಠಿಣ್ಯವೇ ಕಾರಣವೆಂದು ಹೇಳುವುದುಂಟು. ನನಗೆ ತೋರುವ ಕಾರಣ ಬೇರೆ. ಶಾಸ್ತ್ರದ ಪತ್ರಿಕೆಯ ಹಿಂದೆ ಇದ್ದವರು ವಿದ್ವಾಂಸರು. ಅವರು ದಣಿದರೆ ಹೊರೆಗೆ ಹೆಗಲು ಕೊಡುವವರಿಲ್ಲ. ಸಾಹಿತ್ಯದ ಪತ್ರಿಕೆಯ ಹಿಂದೆ ಇದ್ದುದು ಸಂಘ. ಅಲ್ಲಿಗೆ ಪ್ರತಿ ಜೂನ್ ತಿಂಗಳಿನಲ್ಲಿ ಹೊಸ ಹೆಗಲುಗಳು ಬರುತ್ತಿದ್ದುವು.

ಇನ್ನು ನಮ್ಮ ಜಿಲ್ಲೆಯವರ ಮಾತು. ಚಳ್ಳಕೆರೆ ತಾಲ್ಲೂಕಿನ ತಳುಕು ಎಂಬ ಗ್ರಾಮದಲ್ಲಿ 1885ರಲ್ಲಿ ಹುಟ್ಟಿದ ಟಿ.ಎಸ್. ವೆಂಕಣ್ಣಯ್ಯನವರನ್ನು ದುರ್ಗದ ಸೀಮೆಯ ಓದಿದ ಮನೆಗಳಿಗೆ ಪರಿಚಯಮಾಡಿಕೊಡಬೇಕಾದುದಿಲ್ಲ. ‘ದುರ್ಗಾಸ್ತಮಾನ’ದ ಕರ್ತರಾದ ತ.ರಾ. ಸುಬ್ಬರಾಯರಿಗೆ ಅವರು ದೊಡ್ಡಪ್ಪ. ಕೃಷ್ಣಶಾಸ್ತ್ರಿಗಳಿಗೂ ವೆಂಕಣ್ಣಯ್ಯನವರಿಗೂ ಇದ್ದ ಸ್ನೇಹವು ಕನ್ನಡದ ಪುಣ್ಯಗಳಲ್ಲೊಂದು. ಇಬ್ಬರೂ ಕೂಡಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದರು. ಸ್ವಭಾವದಲ್ಲಿ ಮಾತ್ರ ಒಬ್ಬರು ಒಂದು ದಡ, ಒಬ್ಬರು ಇನ್ನೊಂದು ದಡ. ಶಾಸ್ತ್ರಿಗಳು ಬರೆದು ಬೆಳೆಸಿದರು. ವೆಂಕಣ್ಣಯ್ಯನವರು ಬರೆದುದು ಕಡಿಮೆ, ಬರೆಯಿಸಿ ಬೆಳೆಸಿದುದು ಹೆಚ್ಚು. ಎತ್ತರದ ಆಳು, ಅದಕ್ಕೆ ತಕ್ಕ ಎದೆ. ವಿದ್ಯಾರ್ಥಿಯೊಬ್ಬನು ತಾನು ಬರೆದ ನಾಲ್ಕು ಸಾಲನ್ನು ಸಂಕೋಚದಿಂದ ತಂದರೆ, ಕುಳ್ಳಿರಿಸಿಕೊಂಡು, ಓದಿಸಿ ಕೇಳಿ, ಮತ್ತೆ ಬರೆದು ತಾರೆಂದು ಕಳುಹಿಸುವ ಜಾತಿಯ ಗುರುಗಳು.

ಮೈಸೂರಿನಲ್ಲಿ ಅವರ ಆಶ್ರಯಕ್ಕೆ ಬಂದ ವಿದ್ಯಾರ್ಥಿಗಳಲ್ಲಿ ಮಲೆನಾಡಿನ ಕೆ.ವಿ. ಪುಟ್ಟಪ್ಪನೆಂಬ ಯುವಕನೂ ಒಬ್ಬ. ಈ ಯುವಕನು ಮೊದಲು ಬರೆದುದು ಇಂಗ್ಲಿಷ್ ಪದ್ಯ. 1922ರಲ್ಲಿ ಅದರ ಪುಸ್ತಕವೂ ಆಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರಿಗೆ ಅವುಗಳನ್ನು ತೋರಿಸಲಾಗಿ, ನಿನ್ನ ತಾಯ್ನುಡಿಯಲ್ಲಿ ಏನನ್ನು ಬರೆದಿದ್ದೀಯೆ ಎಂಬ ಅರ್ಥದಲ್ಲಿ ಅವರು ಕೇಳಿದರೆಂಬುದು ಪ್ರಸಿದ್ಧವಾದ ಸಂಗತಿ. ಪರದೇಶದವರೊಬ್ಬರು ಆ ಪ್ರಶ್ನೆಯನ್ನು ಕೇಳಬೇಕಾಯಿತೆಂಬುದೇ ಅಂದಿನ ಕಾಲೇಜುಗಳ ವಾತಾವರಣಕ್ಕೆ ಕನ್ನಡಿ. ಆದರೆ ಪ್ರಶ್ನೆಯನ್ನು ಒಬ್ಬರು ಒಂದು ಸಾಯಂಕಾಲ ಕೇಳಿಹೋಗಬಹುದು. ಉತ್ತರವು ಬೆಳೆಯಬೇಕಾದರೆ ಕೇಳುವ ಕಿವಿಗಳು ಪ್ರತಿ ಸಾಯಂಕಾಲವೂ ಬೇಕು. ಆ ಕಿವಿಗಳನ್ನು ಒದಗಿಸಿದುದು ಗುರುಗಳ ಮನೆಯ ಜಗುಲಿ ಮತ್ತು ಕಾಲೇಜಿನ ಸಂಘ. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡದ ಎಂ.ಎ. ತರಗತಿಯನ್ನು ತೆರೆಯಿತು; ವೆಂಕಣ್ಣಯ್ಯನವರು ಅಲ್ಲಿ ಕನ್ನಡದ ಪ್ರಾಧ್ಯಾಪಕರಾದರು; 1929ರಲ್ಲಿ ಪುಟ್ಟಪ್ಪನವರು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ವರ್ಷಗಳನ್ನು ವಾಚಕರು ಗಮನಿಸಬೇಕು. ಸಂಘವೂ ಪತ್ರಿಕೆಯೂ ಬಂದು ಎಂಟೊಂಬತ್ತು ವರ್ಷಗಳಾದ ಮೇಲೆ ಎಂ.ಎ. ತರಗತಿ ಬಂದಿತು. ಹೇಳತಕ್ಕ ವಿಷಯವುಂಟು, ಬರೆಯತಕ್ಕವರುಂಟು, ಓದತಕ್ಕವರೂ ಉಂಟು ಎಂದು ಹುಡುಗರ ಕೂಟವೊಂದು ಅಚ್ಚಿನಲ್ಲಿ ತೋರಿಸಿಕೊಟ್ಟ ಮೇಲೆ, ಇಲ್ಲವೆನ್ನುವ ಬಾಯಿಗಳು ಸಹಜವಾಗಿ ಕಡಿಮೆಯಾದುವು.

ವೆಂಕಣ್ಣಯ್ಯನವರು 1939ರ ಫೆಬ್ರವರಿಯಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಮೇಲೆ ಹೊರಬಂದ ‘ಶ್ರೀರಾಮಾಯಣದರ್ಶನಂ’ ಮಹಾಕಾವ್ಯವನ್ನು ಕುವೆಂಪುರವರು ಅರ್ಪಿಸಿದುದು ಈ ತಳುಕಿನ ಗುರುವಿಗೆ. ಕಾವ್ಯವು ಮುಗಿಯುವ ತನಕ ಗುರುಗಳು ಇರಲಿಲ್ಲ. ಆದರೂ ಅದನ್ನು ಒಪ್ಪಿಸಬೇಕಾದ ಸ್ಥಳ ಅದೇ ಎಂದು ಶಿಷ್ಯರಿಗೆ ತೋರಿತು. ದುರ್ಗದ ಜಿಲ್ಲೆಯಲ್ಲಿ ಕಾಲೇಜಿರಲಿಲ್ಲ ಎಂದು ಮೇಲೆ ಬರೆದೆನಷ್ಟೆ. ಕಾಲೇಜಿಲ್ಲದ ಜಿಲ್ಲೆಯು ಕಾಲೇಜಿಗೆ ಕೊಟ್ಟುದು ಇದು.

1930ರ ದಶಕದಲ್ಲಿ ಈ ಸಾಯಂಕಾಲದ ಗಂಟೆಯು ಕಾಲೇಜಿನ ಗೋಡೆಯನ್ನು ದಾಟಿ ಊರೂರಿಗೆ ಹೊರಟಿತು. ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳೆಂಬ ಏರ್ಪಾಟಿನಲ್ಲಿ ಅಧ್ಯಾಪಕರು ಊರುಗಳಿಗೆ ಬಂದು, ಕಾಲೇಜನ್ನು ಕಾಣದ ಜನರ ಮುಂದೆ ಕನ್ನಡದಲ್ಲಿ ಮಾತನಾಡುವರು. ಮಾತನಾಡಿದುದು ಚಿಕ್ಕ ಪುಸ್ತಕವಾಗಿ ಸ್ವಲ್ಪ ಬೆಲೆಗೆ ದೊರೆಯುವುದು. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ, ಪಂಚಾಂಗಗಳ ನಡುವೆ, ಈ ಪುಸ್ತಿಕೆಗಳು ಈಗಲೂ ಆಗಾಗ್ಗೆ ಸಿಕ್ಕುವುವು. ಸಂಘದಲ್ಲಿ ಸಹಪಾಠಿಗಳ ಎದುರು ನಿಂತು ಮಾತನಾಡಿ ನಾಲಗೆ ತಿರುಗಿದ್ದವರಿಗೆ ಊರ ಚಾವಡಿಯ ಮುಂದೆ ನಿಲ್ಲುವುದು ಕಷ್ಟವಾಗಲಿಲ್ಲ.

ನಾಟಕ, ವ್ಯಾಯಾಮ ಮುಂತಾದುವನ್ನು ಕುರಿತು ಬಹಳ ಹೇಳುವ ಅವಕಾಶವಿಲ್ಲ. ಕಾಲೇಜಿನ ವಾರ್ಷಿಕೋತ್ಸವದ ನಾಟಕದಲ್ಲಿ ಮೀಸೆ ಬೋಳಿಸಿಕೊಂಡು ದ್ರೌಪದಿಯಾದವನು ಮಾರನೆಯ ವಾರವೆಲ್ಲ ಸಹಪಾಠಿಗಳ ಕೀಟಲೆಯನ್ನು ಸಹಿಸಬೇಕಾಗಿತ್ತೆಂಬುದು ಎಲ್ಲ ಕಾಲೇಜುಗಳಿಗೂ ಸಾಮಾನ್ಯವಾದ ಕಥೆ. ಹೆಣ್ಣುಮಕ್ಕಳ ಪಾತ್ರವನ್ನು ಗಂಡುಹುಡುಗರು ವಹಿಸುತ್ತಿದ್ದುದಕ್ಕೆ, ಕಾಲೇಜಿಗೆ ಬರುತ್ತಿದ್ದ ಹೆಣ್ಣುಮಕ್ಕಳೇ ಬೆರಳೆಣಿಕೆಯಷ್ಟು ಎಂಬುದು ಒಂದು ಕಾರಣ. ಬಂದವರಿಗೂ ಸಂಜೆಯಾದ ಮೇಲೆ ನಿಲ್ಲಲು ಮನೆಯವರ ಅಪ್ಪಣೆಯಿರಲಿಲ್ಲವೆಂಬುದು ಇನ್ನೊಂದು. ಸಾಯಂಕಾಲದ ಗಂಟೆಯನ್ನು ಇಷ್ಟಾಗಿ ಹೊಗಳುವಾಗ, ಆ ಗಂಟೆಯು ಬಹುಕಾಲ ಅರ್ಧ ಮಂದಿಗೆ ಮುಚ್ಚಿದ ಬಾಗಿಲಾಗಿತ್ತೆಂಬುದನ್ನು ಮರೆಯಬಾರದು. ನಮ್ಮ ಜಿಲ್ಲೆಯಲ್ಲಿಯಂತೂ ಅಂಗಸಾಧನೆಗೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯೂ, ನಾಟಕಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೂ ಕಾಲೇಜುಗಳಿಗಿಂತ ದೊಡ್ಡ ಗುರುಗಳಾದುವು. ‘ತಿರುಕ’ನೆಂಬ ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮಿಗಳು 1996ರಲ್ಲಿ ದೇಹಬಿಡುವವರೆಗೂ ಹುಡುಗರಿಗೆ ಯೋಗವನ್ನು ಹೇಳಿಕೊಟ್ಟ ಕಥೆಯೂ, 1997ರಿಂದ ಊರೂರು ತಿರುಗಿದ ಶಿವಸಂಚಾರದ ಕಥೆಯೂ ಪ್ರತ್ಯೇಕ ಲೇಖನಗಳಿಗೆ ತಕ್ಕವು.

ಸಂಘದ ಚರಿತ್ರೆಗೆ ತಿರುಗುತ್ತೇನೆ. ಕೃಷ್ಣಶಾಸ್ತ್ರಿಗಳ ತಲೆಮಾರು ಸರಿದ ಮೇಲೆ ಸೆಂಟ್ರಲ್ ಕಾಲೇಜಿನ ಸಂಘವು ನಂದಿಹೋಗಬಹುದಾಗಿತ್ತು. ಹಾಗಾಗದಂತೆ ಎಣ್ಣೆ ಎರೆದವರಲ್ಲಿ ಜಿ.ಪಿ. ರಾಜರತ್ನಂ ಅವರು ಮುಖ್ಯರು. ರತ್ನನ ಪದಗಳ ಕವಿಯೆಂದೂ ಮಕ್ಕಳ ‘ತುತ್ತೂರಿ’ಯ ಕರ್ತೃವೆಂದೂ ನಾಡು ಅವರನ್ನು ಬಲ್ಲದು. ವಿದ್ಯಾರ್ಥಿಗಳ ಬರಹವನ್ನು ತಿದ್ದಿ ಅಚ್ಚಿಗೆ ಕೊಟ್ಟು, ಅಚ್ಚಾದ ಪುಸ್ತಕವನ್ನು ಮಾರುವುದು ಕೂಡ ಮೇಷ್ಟರ ಕೆಲಸವೆಂದು ತಿಳಿದ ಮನುಷ್ಯರು ಅವರು. ಪುಸ್ತಕದ ಗಂಟನ್ನು ತಾವೇ ಹೊತ್ತು ಹೋಗಿ ಕೊಳ್ಳುವವರ ಕೈಗೆ ಕೊಡುವುದರಲ್ಲಿ ಅವರಿಗೆ ಅಗೌರವವೇನೂ ತೋರಲಿಲ್ಲ. ಆ ಕಾಲೇಜಿನಲ್ಲಿ ಅವರೂ, ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಕನ್ನಡ ಹೇಳಲು ಬಂದ ವಿ. ಸೀತಾರಾಮಯ್ಯನವರೂ ಇದ್ದ ಕಾರಣ, ಕನ್ನಡವನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳದ ಹುಡುಗರೂ ಸಂಜೆ ಕನ್ನಡದವರಾದರು. ಭೂವಿಜ್ಞಾನವನ್ನು ಓದಲು ಅಲ್ಲಿಗೆ ಬಂದ ಕೆ.ಎಸ್. ನಿಸಾರ್ ಅಹಮದರು ಕವಿಗಳಾಗಿ, 1960ರಲ್ಲಿ ‘ಮನಸು ಗಾಂಧಿಬಜಾರು’ ಸಂಗ್ರಹವನ್ನು ಹೊರತಂದರು. ಕಲ್ಲುಗಳ ಪಾಠ ಬೆಳಗ್ಗೆ, ಪದ್ಯದ ಪಾಠ ಸಂಜೆ, ಎರಡಕ್ಕೂ ಜಗಳವಿರಲಿಲ್ಲ.

1964ರಲ್ಲಿ ಸೆಂಟ್ರಲ್ ಕಾಲೇಜು ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಈಗ ಅದೇ ಆವರಣದಲ್ಲಿ ಬೆಂಗಳೂರು ನಗರ ವಿಶ್ವವಿದ್ಯಾನಿಲಯವಿದೆ. ಆದರೆ ಸಂಘದ ಕಿಡಿ ಬೇರೊಂದು ಒಲೆಗೆ ಹತ್ತಿಕೊಂಡಿತು. ಕ್ರೈಸ್ತ ಪಾದ್ರಿಗಳು 1969ರಲ್ಲಿ ಸ್ಥಾಪಿಸಿದ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಎಂಬ ಕನ್ನಡ ಅಧ್ಯಾಪಕರು 1972ರಲ್ಲಿ ಕನ್ನಡ ಸಂಘವನ್ನು ಆರಂಭಿಸಿ, ಅದರ ಮೂಲಕ ಅಗ್ಗದ ಬೆಲೆಯ ಪುಸ್ತಕಗಳನ್ನು ಒಂದಾದ ಮೇಲೊಂದು ಪ್ರಕಟಿಸತೊಡಗಿದರು. ನಾಡಿನ ಎಲ್ಲ ಕಾಲೇಜುಗಳ ವಿದ್ಯಾರ್ಥಿಗಳಿಗೆ ಬೇಂದ್ರೆಯವರ ಹೆಸರಿನಲ್ಲಿ ಕವನದ ಸ್ಪರ್ಧೆಯನ್ನೂ ಅ.ನ.ಕೃ. ಅವರ ಹೆಸರಿನಲ್ಲಿ ಕಥೆಯ ಸ್ಪರ್ಧೆಯನ್ನೂ ಏರ್ಪಡಿಸಿದರು. ಕನ್ನಡವು ಮನೆಮಾತಲ್ಲದ ಹುಡುಗರೇ ಹೆಚ್ಚಾಗಿ ಓದುವ ಕಾಲೇಜಿನಿಂದ ಕನ್ನಡದ ಹೊಸ ಕವಿಗಳ ಪುಸ್ತಕಗಳು ಬಂದುದನ್ನು ನೋಡಿ ಆಶ್ಚರ್ಯಪಟ್ಟವರುಂಟು. ಸಂಘವೆಂಬುದು ಕಟ್ಟಡದಲ್ಲಿಲ್ಲ, ಪಟ್ಟುಹಿಡಿದ ಮೇಷ್ಟರೊಬ್ಬರ ಕೈಚೀಲದಲ್ಲಿದೆ ಎಂದು ತಿಳಿದವರಿಗೆ ಆಶ್ಚರ್ಯವಾಗಲಾರದು. ಶ್ರೀನಿವಾಸರಾಜು ಅವರು 2007ರಲ್ಲಿ ತೀರಿಕೊಂಡರು.

ಇಷ್ಟೂ ಬೆಂಗಳೂರು ಮೈಸೂರುಗಳ ಮಾತಾಯಿತು. ಸ್ವಾತಂತ್ರ್ಯಾನಂತರ ನಮ್ಮ ಜಿಲ್ಲೆಯ ಪಟ್ಟಣಗಳಲ್ಲಿಯೂ ಕಾಲೇಜುಗಳಾದುವು, ತಾಲ್ಲೂಕಿಗೊಂದಾಯಿತು, ಒಂದೊಂದರಲ್ಲಿಯೂ ಕರ್ನಾಟಕ ಸಂಘವೋ ಸಾಹಿತ್ಯ ಸಂಘವೋ ಹುಟ್ಟಿತು. ಅಚ್ಚುಹಾಕಿಸುವಷ್ಟು ಹಣ ಅಲ್ಲಿಲ್ಲದ ಕಾರಣ ಕೈಬರಹದ ಪತ್ರಿಕೆಯೇ ಗತಿ. ಆ ಪತ್ರಿಕೆಯನ್ನು ಸಿದ್ಧಪಡಿಸುವ ಬಗೆಯನ್ನು ಈಗಿನ ಮಕ್ಕಳು ನೋಡಿಲ್ಲವಾದುದರಿಂದ ಎರಡು ಮಾತು ಹೇಳಬಹುದು. ದಪ್ಪ ಬಿಳಿಯ ಕಾಗದವನ್ನು ತಂದು ಒಂದೇ ಅಳತೆಗೆ ಕತ್ತರಿಸಿ, ಸೀಸದ ಕಡ್ಡಿಯಿಂದ ಗೆರೆ ಎಳೆದು, ಕಾಲೇಜಿನಲ್ಲಿ ಯಾರ ಅಕ್ಷರ ಮುತ್ತಿನಂತಿದೆಯೋ ಅವನನ್ನು ಹುಡುಕಿ ಕುಳ್ಳಿರಿಸುವುದು. ಅವನು ಕಪ್ಪು ಮಸಿಯಲ್ಲಿ ಲೇಖನಗಳನ್ನು, ಕೆಂಪು ಮಸಿಯಲ್ಲಿ ಶೀರ್ಷಿಕೆಗಳನ್ನು ಬರೆಯುವನು. ಬರೆದು ಒಣಗಿದ ಮೇಲೆ ಸೀಸದ ಗೆರೆಯನ್ನು ರಬ್ಬರಿನಿಂದ ಅಳಿಸುವುದು. ಚಿತ್ರ ಬರೆಯಬಲ್ಲವನು ರಕ್ಷಾಪುಟದ ಮೇಲೆ ದುರ್ಗದ ಬೆಟ್ಟವನ್ನೋ ಭುವನೇಶ್ವರಿಯನ್ನೋ ಬರೆಯುವನು. ಕೊನೆಯಲ್ಲಿ ದಾರದಿಂದ ಹೊಲಿದು, ಕ್ಯಾಲಿಕೋ ಬಟ್ಟೆಯ ಬೆನ್ನು ಹಚ್ಚಿ, ವಾಚನಾಲಯದ ಮೇಜಿನ ಮೇಲಿಡುವುದು. ಇರುವುದು ಒಂದೇ ಪ್ರತಿ. ಓದುವವರು ಸರದಿಯಲ್ಲಿ ಕಾಯಬೇಕು. ಕಡೆಯ ನಾಲ್ಕ್ಹಾಳೆ ಖಾಲಿ ಬಿಟ್ಟಿರುವುದು, ಓದಿದವರು ಅಭಿಪ್ರಾಯ ಬರೆಯಲಿ ಎಂದು. ಅಲ್ಲಿ ಬರೆದ ಹಾಸ್ಯವು ಒಳಗಿನ ಲೇಖನಗಳಿಗಿಂತ ಚೆನ್ನಾಗಿರುವುದೂ ಉಂಟು.

ನಾನು ಓದಿದುದು ಇಂತಹದೊಂದು ಚಿಕ್ಕ ಕಾಲೇಜಿನಲ್ಲಿ. ಒಂದು ವರ್ಷ ಸಂಘದ ಕಾರ್ಯದರ್ಶಿಯೂ ಆಗಿದ್ದೆ. ನಮ್ಮ ಸಂಘದಲ್ಲಿ ಪ್ರಬಂಧ ಓದಿದವರಲ್ಲಿ ಹಳ್ಳಿಗಳಿಂದ ದಿನಾಲು ಬಸ್ಸಿನಲ್ಲಿ ಬಂದುಹೋಗುವವರೇ ಬಹುಮಂದಿ. ಸಂಜೆಯ ಕಡೆಯ ಬಸ್ಸು ಹೊರಡುವುದರೊಳಗಾಗಿ ಸಭೆ ಮುಗಿಯಬೇಕು. ಅಧ್ಯಕ್ಷರ ಭಾಷಣ ಉದ್ದವಾದರೆ ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದುಹೋಗುವರು. ಅದು ಅವಿಧೇಯತೆಯಲ್ಲ, ಊರು ಸೇರುವ ಚಿಂತೆ. ಒಮ್ಮೆ ಹರಿಯಬ್ಬೆಯ ಕಡೆಯಿಂದ ಬರುತ್ತಿದ್ದ ಸಹಪಾಠಿಯೊಬ್ಬನು ತನ್ನ ಸೀಮೆಯ ಮದುವೆಯ ಹಾಡುಗಳನ್ನು ಅಜ್ಜಿಯಿಂದ ಕೇಳಿ ಬರೆದುಕೊಂಡು ಬಂದು, ಅವುಗಳನ್ನು ಕುರಿತು ಪ್ರಬಂಧ ಓದಿದನು. ಮೊದಲು ಕೆಲವರು ನಕ್ಕರು. ಕನ್ನಡ ಮೇಷ್ಟರು ನಗಲಿಲ್ಲ. ಪ್ರಬಂಧ ಮುಗಿದ ಮೇಲೆ, ಆ ಹಾಡಿನಲ್ಲಿದ್ದ ಎರಡು ಮಾತುಗಳು ಹಳಗನ್ನಡದ ಕಾವ್ಯಗಳಲ್ಲಿ ಬರುವ ಮಾತುಗಳೆಂದೂ, ತರಗತಿಯಲ್ಲಿ ನಾವು ನಿಘಂಟು ನೋಡಿ ಅರ್ಥ ಬರೆದುಕೊಂಡುವೆಂದೂ, ಆ ಅಜ್ಜಿಗೆ ನಿಘಂಟು ಬೇಕಿಲ್ಲವೆಂದೂ ಹೇಳಿದರು. ಆ ಪ್ರಬಂಧವನ್ನು ಆ ವರ್ಷದ ಕೈಬರಹದ ಸಂಚಿಕೆಯಲ್ಲಿ ಮೊದಲನೆಯದಾಗಿ ಸೇರಿಸಿದೆವು. ಬರೆದವನು ಸಂಕೋಚದಿಂದ ತನ್ನ ಹೆಸರಿನ ಬದಲು ಊರಿನ ಹೆಸರನ್ನು ಮಾತ್ರ ಹಾಕಿಸಿದನು.

ಸಂಘವೊಂದು ಹೇಗೆ ಸಾಯುತ್ತದೆಂಬುದನ್ನೂ ಅಲ್ಲಿಯೇ ಕಂಡೆ. ವಿದ್ಯಾರ್ಥಿಯ ಕಾಲ ಮೂರು ವರ್ಷ. ಮೊದಲನೆಯ ವರ್ಷ ಹಿಂದೆ ಕುಳಿತು ನೋಡುತ್ತಾನೆ, ಎರಡನೆಯ ವರ್ಷ ಕೆಲಸ ಕಲಿಯುತ್ತಾನೆ, ಮೂರನೆಯ ವರ್ಷ ನಡೆಯಿಸುತ್ತಾನೆ, ಅಷ್ಟರಲ್ಲಿ ಹೊರಟುಹೋಗುತ್ತಾನೆ. ಆದಕಾರಣ ಸಂಘದ ನೆನಪು ಉಳಿಯುವ ಸ್ಥಳಗಳು ಎರಡೇ: ಬಹುಕಾಲ ನಿಂತ ಮೇಷ್ಟರು, ಮತ್ತು ನಡಾವಳಿಯ ಪುಸ್ತಕ. ಮೇಷ್ಟರಿಗೆ ವರ್ಗವಾದರೆ ಅರ್ಧ ನೆನಪು ಹೋಯಿತು. ನಮ್ಮ ಮೇಷ್ಟರಿಗೆ ವರ್ಗವಾಯಿತು. ಎರಡು ವರ್ಷ ಸಭೆ ಸೇರಲಿಲ್ಲ. ಆಮೇಲೆ ಕಾಲೇಜು ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯ ಬೀರುವಿನಲ್ಲಿದ್ದ ಕಾಗದಗಳನ್ನೆಲ್ಲ ತೂಕಕ್ಕೆ ಹಾಕಿದರಂತೆ. ಮಾಡಿದವರ ಮೇಲೆ ನನಗೆ ಕೋಪವಿಲ್ಲ. ರಟ್ಟು ಹರಿದು, ಇಲಿ ಕಡಿದು, ಮೇಲೆ ಹೆಸರೂ ಮಾಸಿದ್ದ ಕಟ್ಟುಗಳು ಅವರ ಕಣ್ಣಿಗೆ ಬೇರೆಯಾಗಿ ಕಾಣುವ ಬಗೆಯೂ ಇರಲಿಲ್ಲ. ಆ ಕಟ್ಟಿನಲ್ಲಿ ಮದುವೆಯ ಹಾಡುಗಳ ಪ್ರಬಂಧವೂ ಹೋಯಿತು. ಅಜ್ಜಿ ಆ ವೇಳೆಗೆ ತೀರಿಕೊಂಡಿದ್ದರು.

‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಪುಟಗಳನ್ನು ದೊಡ್ಡ ಗ್ರಂಥಾಲಯಗಳಲ್ಲಿ ಈಗಲೂ ತೆರೆದು ನೋಡಬಹುದು. ಅವನ್ನು ಕಂಡಾಗಲೆಲ್ಲ ನನಗೆ ಸಂತೋಷದ ಜೊತೆಗೆ ಸಂಕಟವೂ ಆಗುವುದು. ಅಚ್ಚಿನ ಭಾಗ್ಯವಿದ್ದ ಒಂದು ಸಂಘದ ಕೆಲಸ ಉಳಿಯಿತು. ತಾಲ್ಲೂಕು ಕಾಲೇಜುಗಳ ಸಂಘಗಳು, ಸಂಚಿಕೆಗೆ ಒಂದೇ ಪ್ರತಿಯಂತೆ ಬರೆದಿಟ್ಟ ಎಷ್ಟೋ ವರ್ಷಗಳ ಕೆಲಸ ಅಳಿಯುತ್ತಿದೆ. ಹಾಗೆಂದು ಎಲ್ಲ ಹೋಯಿತೆಂದೂ ಅಲ್ಲ. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ಬಂದ ಮೇಲೆ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ವಾರಗಟ್ಟಲೆ ಶಿಬಿರ ಹೂಡುವುದುಂಟು. ಹಗಲು ಚರಂಡಿ ತೆಗೆದು ಗಿಡ ನೆಟ್ಟು, ರಾತ್ರಿ ಊರಿನವರ ಮುಂದೆ ನಾಟಕವಾಡಿ, ಊರಿನವರಿಂದ ಹಾಡು ಹೇಳಿಸುವರು. ಅಂತಹ ಶಿಬಿರದ ವರದಿಯೊಂದನ್ನು ಈಚೆಗೆ ಹುಡುಗಿಯೊಬ್ಬಳು ನನಗೆ ತೋರಿಸಿದಳು. ಸಂಘದ ಕಾರ್ಯದರ್ಶಿ ಆಕೆಯೇ. ಸಂಜೆಯ ಸಭೆಗೆ ಹುಡುಗಿಯರು ಹುಡುಗರಿಗಿಂತ ಹೆಚ್ಚು ಬರುತ್ತಾರೆಂದು ಹೇಳಿದಳು. ವರದಿಯ ಕಡೆಯಲ್ಲಿ ಆರು ಹಾಡುಗಳನ್ನು, ಹಾಡಿದವರ ವಯಸ್ಸನ್ನು, ಯಾವ ಶಾಸ್ತ್ರದ ಹೊತ್ತಿನಲ್ಲಿ ಹಾಡತಕ್ಕುದೆಂಬುದನ್ನು ಬರೆದಿದ್ದಳು.

ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಕೈಬರಹದ ಸಂಚಿಕೆಗಳೋ ನಡಾವಳಿಯ ಪುಸ್ತಕಗಳೋ ಉಳಿದಿದ್ದರೆ, ಈ ಲೇಖನವನ್ನು ಓದಿದವರು ಒಮ್ಮೆ ಅಟ್ಟವನ್ನು ಹತ್ತಿ ನೋಡುವ ಶ್ರಮ ವಹಿಸಬೇಕೆಂದು ಬೇಡುತ್ತೇನೆ. ನನ್ನಲ್ಲಿ ಉಳಿದಿರುವುದು ಒಂದೇ ಹಾಳೆ. ರಕ್ಷಾಪುಟದ ಕರಡು ಅದು. ದುರ್ಗದ ಬೆಟ್ಟ ಅರ್ಧ ಬರೆದಿದೆ. ಕೆಳಗೆ ಸೀಸದ ಕಡ್ಡಿಯ ಗೆರೆಯನ್ನು ಅಳಿಸಲು ಮರೆತಿದ್ದಾರೆ.